ಅಂಬಾಸಿಡರಿನ ಎಣ್ಣೆ ಲೆಕ್ಕ

ಮುಂಡಾಜೆಯ ಆ ಮನೆಯ ಅಂಗಳದ ಮೂಲೆಯಲ್ಲಿ ಊಟದ ಬಟ್ಟಲಿನಗಲದ ಒಂದು ಕಪ್ಪು ಕಲೆ ಇದೆ. ಸೆಗಣಿ ಸಾರಿಸುತ್ತಿದ್ದ ಕಾಲದಲ್ಲೂ ಅದು ಅಲ್ಲಿತ್ತು. ಅಂಗಳಕ್ಕೆ ಸಿಮೆಂಟು ಹಾಕಿಸಿದ ಮೇಲೆ ಒಂದು ವಾರ ಕಾಣೆಯಾಗಿದ್ದು ಮತ್ತೆ ಅದೇ ಜಾಗದಲ್ಲಿ ಮೂಡಿತು. ಮೂಡದೆ ಏನು? ಅಲ್ಲಿ ನಿಲ್ಲುತ್ತಿದ್ದದ್ದು ಭಟ್ಟರ ಅಂಬಾಸಿಡರು.

1986ರಲ್ಲಿ ಭಟ್ಟರು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗಲೇ ಅದು ಎಣ್ಣೆ ಸೋರುತ್ತಿತ್ತು. ಮಾರಿದವರು ಅದನ್ನು ಮುಚ್ಚಿಡಲಿಲ್ಲ. ಅಂಬಾಸಿಡರು ಸೋರದಿದ್ದರೆ ಒಳಗೆ ಎಣ್ಣೆಯೇ ಇಲ್ಲವೆಂದು ಅರ್ಥ ಎಂಬ ಮಾತು ಆ ಕಾಲದ ಎಲ್ಲ ಡ್ರೈವರುಗಳ ಬಾಯಲ್ಲೂ ಇತ್ತು. ಅಡಿಕೆ ಒಣಹಾಕುವ ಅಂಗಳಕ್ಕೆ ಎಣ್ಣೆ ಬೀಳಬಾರದೆಂದು ಭಟ್ಟರ ಹೆಂಡತಿ ದಿನಾ ಸಂಜೆ ಎಂಜಿನಿನ ಅಡಿಗೆ ಒಂದು ಗೆರಟೆ ಇಡುತ್ತಿದ್ದರು. ಬೆಳಗ್ಗೆ ಗೆರಟೆಯಲ್ಲಿ ತುಂಬಿದ್ದನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಯಾರೂ ನೋಡದ ಹೊತ್ತಿನಲ್ಲಿ ಭಟ್ಟರು ಪುನಃ ಎಂಜಿನಿಗೇ ಹೊಯ್ಯುತ್ತಾರೆ ಎಂಬ ಗುಮಾನಿ ಮಗನಿಗಿತ್ತು. ಅದು ಕೊನೆಗೂ ರುಜುವಾತಾಗಲಿಲ್ಲ.

ಈ ಮಗ ಆಗ ಸುರತ್ಕಲ್ಲಿನ ಕೆ.ಆರ್.ಇ.ಸಿ.ಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ. ರಜೆಯಲ್ಲಿ ಮನೆಗೆ ಬಂದರೆ ಮೊದಲು ಬಾನೆಟ್ ಎತ್ತುವವನು. ಎಣ್ಣೆಯ ಕಡ್ಡಿ ಎಳೆದು, ಒರಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ಡಾಕ್ಟರರ ಹಾಗೆ ಮುಖ ಮಾಡುತ್ತಿದ್ದ. ‘ಅಪ್ಪ, ಇದಕ್ಕೆ ಯಾವ ಗ್ರೇಡು ಹಾಕಿದ್ದು?’ ಎಂದು ಅವನು ಕೇಳುವುದು, ‘ಎಣ್ಣೆ ಹಾಕಿದ್ದು’ ಎಂದು ಭಟ್ಟರು ಹೇಳುವುದು. ಇಷ್ಟಕ್ಕೆ ಮಾತು ನಿಲ್ಲುತ್ತಿತ್ತು.

ನಿಲ್ಲದೆ ಹೋದದ್ದು 1993ರ ಆಟಿ ತಿಂಗಳ ಒಂದು ರಾತ್ರಿ. ಭಟ್ಟರ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಎರಡು ವಾರ ಇರುವಾಗಲೇ ರಾತ್ರಿ ಹನ್ನೆರಡರ ಹೊತ್ತಿಗೆ ನೋವು ಶುರುವಾಯಿತು. ಮಂಗಳೂರಿಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರು. ಹೊರಗೆ, ಆಟಿಯಲ್ಲಿ ಹೊಯ್ಯಬೇಕಾದ ಹಾಗೆಯೇ ಮಳೆ ಹೊಯ್ಯುತ್ತಿತ್ತು. ಹಿಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ ತಲೆಯಿಟ್ಟು ಮಗಳು, ಮುಂದೆ ಭಟ್ಟರು ಮತ್ತು ಮಗ. ಸೋಮಂತಡ್ಕ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ಮಡಂತ್ಯಾರು. ಪುಂಜಾಲಕಟ್ಟೆ ದಾಟಿ ತಿರುವುಗಳು ಬಂದಾಗ ಮಗ ನೋಡಿದ: ಪ್ರತಿ ತಿರುವಿನಲ್ಲೂ ಆಯಿಲ್ ಪ್ರೆಶರಿನ ಮುಳ್ಳು ದೊಪ್ಪನೆ ಕೆಳಗೆ ಬಿದ್ದು, ರಸ್ತೆ ನೆಟ್ಟಗಾದಾಗ ಎದ್ದು ನಿಲ್ಲುತ್ತಿತ್ತು. ಚೇಂಬರಿನಲ್ಲಿ ಎಣ್ಣೆ ತಳ ಕಂಡಾಗ ಆಗುವುದೇ ಹಾಗೆ. ತಿರುವಿನಲ್ಲಿ ಉಳಿದಷ್ಟು ಎಣ್ಣೆ ಒಂದು ಬದಿಗೆ ಸರಿಯುತ್ತದೆ, ಪಂಪು ಗಾಳಿ ಹೀರುತ್ತದೆ, ಬೇರಿಂಗುಗಳು ಅಷ್ಟು ಹೊತ್ತು ಉಪವಾಸ.

ಕಾರು ನಿಲ್ಲಿಸಿ ಟಾರ್ಚು ಹಿಡಿದು ನೋಡಿದರೆ ಕಡ್ಡಿಯ ತುದಿಯೂ ಒದ್ದೆಯಾಗಲಿಲ್ಲ. ಡಿಕ್ಕಿಯಲ್ಲಿ ಸದಾ ಇರುತ್ತಿದ್ದ ಡಬ್ಬ ಅವತ್ತು ಖಾಲಿ. ರಾತ್ರಿ ಒಂದೂವರೆಗೆ ಯಾವ ಅಂಗಡಿ ತೆರೆದಿರುತ್ತದೆ? ಸ್ವಲ್ಪ ಮುಂದೆ ಮಾರ್ಗದ ಬದಿಗೆ ಘಟ್ಟದ ಲಾರಿಯೊಂದು ನಿಂತಿತ್ತು. ಭಟ್ಟರು ಕೊಡೆ ಹಿಡಿದು ಹೋಗಿ ಬಾಗಿಲು ಬಡಿದರು. ಡ್ರೈವರು ಕಣ್ಣುಜ್ಜಿಕೊಂಡು ಇಳಿದು ಬಂದ, ಕಾರಿನೊಳಗೆ ಒಮ್ಮೆ ನೋಡಿದ, ಸೀಟಿನಡಿಯಿಂದ ಅರ್ಧ ತುಂಬಿದ ಒಂದು ಕ್ಯಾನು ಎಳೆದು ಕೊಟ್ಟ. ‘ತಗೊಳ್ಳಿ ಯಜಮಾನ್ರೆ, ಹೆಣ್ಮಗಳು ಅವ್ಳೆ ಗಾಡೀಲಿ, ದುಡ್ಡು ಗಿಡ್ಡು ಬ್ಯಾಡ.’

ಮಗ ಅಡ್ಡ ಬಂದ. ‘ಅಪ್ಪ, ಅದು ಡೀಸೆಲ್ ಗಾಡಿಯ ಎಣ್ಣೆ. ಗ್ರೇಡು ಬೇರೆ, ಕಂಪೆನಿ ಬೇರೆ. ಬೆರೆಸಬಾರದು.’

ಭಟ್ಟರು ಮುಚ್ಚಳ ತಿರುಗಿಸುತ್ತ ಹೇಳಿದರು: ‘ಎಣ್ಣೆ ಇಲ್ಲದೆ ಓಡಿಸಬಹುದು ಅಂತ ನಿನ್ನ ಪುಸ್ತಕದಲ್ಲಿ ಬರೆದಿದೆಯಾ?’

ಬರೆದಿರಲಿಲ್ಲ. ಎರಡು ಲೀಟರಿನಷ್ಟು ಹೊಯ್ದರು. ಮುಳ್ಳು ಎದ್ದು ನಿಂತಿತು, ಮತ್ತೆ ಬೀಳಲಿಲ್ಲ. ಮೂರು ಗಂಟೆಗೆ ಮಂಗಳೂರು, ಐದಕ್ಕೆ ಹೆಣ್ಣು ಮಗು.

ಆ ರಾತ್ರಿ ಮಗ ಹೇಳಿದ್ದರಲ್ಲಿ ಎಷ್ಟು ನಿಜವಿತ್ತು ಎಂಬುದನ್ನು ಈಗ ಸಾವಧಾನವಾಗಿ ನೋಡಬಹುದು. ಎಣ್ಣೆಯ ಡಬ್ಬದ ಮೇಲಿನ ನಂಬರುಗಳು ಎಣ್ಣೆಯ ಒಳ್ಳೆಯತನವನ್ನಾಗಲಿ ಜಾತಿಯನ್ನಾಗಲಿ ಹೇಳುವುದಿಲ್ಲ. ಅವು ಹೇಳುವುದು ಸ್ನಿಗ್ಧತೆಯನ್ನು, ಅಂದರೆ ಎಣ್ಣೆ ಎಷ್ಟು ಮಂದ ಎಷ್ಟು ತೆಳು ಎಂಬುದನ್ನು ಮಾತ್ರ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಮೊದಲು ಈ ವರ್ಗೀಕರಣ ಮಾಡಿತು. 20ಡಬ್ಲ್ಯು-40 ಎಂದರೆ, ಡಬ್ಲ್ಯು ಎಂಬುದು ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ, ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಎಣ್ಣೆಯ ನಡತೆ. ಕೊನೆಯ ಸಂಖ್ಯೆ ಎಂಜಿನು ಕಾದು 100 ಡಿಗ್ರಿಯಾದಾಗಿನ ಮಂದತನ. ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲದ ನಮ್ಮ ಕರಾವಳಿಯಲ್ಲಿ ಹಳೆಯ ಎಂಜಿನುಗಳಿಗೆ ಮೊದಲ ಸಂಖ್ಯೆಯ ಚಿಂತೆ ಅಷ್ಟಾಗಿ ಇರಲಿಲ್ಲ. ಬರೀ 40 ನಂಬರಿನ ಎಣ್ಣೆಯಲ್ಲೇ ಎಷ್ಟೋ ಜೀಪುಗಳ ಆಯುಷ್ಯ ಕಳೆದಿದೆ.

ಇನ್ನು 40ಕ್ಕೂ 50ಕ್ಕೂ ಇರುವ ಅಂತರ. ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ, 100 ಡಿಗ್ರಿ ಕಾವಿನಲ್ಲಿ, 12.5ರಿಂದ 16.3ರ ಒಳಗಿದ್ದರೆ ಅದು 40. 16.3ರಿಂದ 21.9ರ ಒಳಗಿದ್ದರೆ 50. ಅಂದರೆ ತುಸು ಮಂದವಾದ 40ಕ್ಕೂ ತುಸು ತೆಳುವಾದ 50ಕ್ಕೂ ಇರುವ ವ್ಯತ್ಯಾಸ ಬೇಲಿಯ ಆಚೆ ಈಚೆ ಇರುವ ಎರಡು ಅಡಿಕೆ ಮರಗಳ ವ್ಯತ್ಯಾಸದಷ್ಟೇ. ಎರಡನ್ನೂ ಅರ್ಧಕ್ಕರ್ಧ ಬೆರೆಸಿದರೆ ನಡುವಿನದೊಂದು ಎಣ್ಣೆಯಾಗುತ್ತದೆ. ಸರಾಸರಿಗಿಂತ ಸ್ವಲ್ಪ ತೆಳುವಿನ ಕಡೆಗೇ ವಾಲುತ್ತದೆ, ಅಷ್ಟೇ. ಹಾಲಿಗೆ ಹುಳಿ ಹಿಂಡಿದ ಹಾಗೆ ಒಡೆದು ಹೋಗುವುದಿಲ್ಲ. ಎಂಜಿನು ಎಣ್ಣೆಗೆ ಅಮೆರಿಕದ ಎಪಿಐ ಸಂಸ್ಥೆಯ ಪರವಾನಗಿ ಬೇಕಾದರೆ ಅದು ಬೇರೆ ಎಣ್ಣೆಗಳೊಡನೆ ಕಲೆತು ಇರಬಲ್ಲುದೇ ಎಂಬ ಪರೀಕ್ಷೆಯನ್ನೂ ದಾಟಬೇಕು. ಡೀಸೆಲ್ ಎಣ್ಣೆ ಹಳೇ ಪೆಟ್ರೋಲ್ ಎಂಜಿನಿಗೆ ವಿಷವೂ ಅಲ್ಲ. ಅದರಲ್ಲಿ ಮಸಿ ತೊಳೆಯುವ ಮದ್ದು ಹೆಚ್ಚು, ಅಷ್ಟೇ.

ಹಾಗಾದರೆ ‘ಬೆರೆಸಬಾರದು’ ಎಂಬ ಭಯ ಎಲ್ಲಿಂದ ಬಂತು? ಅದಕ್ಕೊಂದು ಕಾರಣ ಹಳೆಯ ಕಾಲದಲ್ಲೇ ಇದೆ. ಮೋಟಾರಿನ ಆರಂಭದ ದಿನಗಳಲ್ಲಿ ರೇಸಿನ ಕಾರುಗಳಿಗೂ ವಿಮಾನಗಳಿಗೂ ಹರಳೆಣ್ಣೆ ಹಾಕುತ್ತಿದ್ದರು. ಹೌದು, ದೀಪಾವಳಿಯ ಅಭ್ಯಂಜನಕ್ಕೆ ನೆತ್ತಿಗೆ ತಟ್ಟುತ್ತಾರಲ್ಲ, ಅದೇ. ಕ್ಯಾಸ್ಟ್ರಾಲ್ ಎಂಬ ಹೆಸರು 1909ರಲ್ಲಿ ಹುಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಈ ಹರಳೆಣ್ಣೆ ಭೂಮಿಯಿಂದ ತೆಗೆದ ಎಣ್ಣೆಯೊಡನೆ ಸುಲಭಕ್ಕೆ ಕೂಡುವುದಿಲ್ಲ, ಬೇರೆ ನಿಲ್ಲುತ್ತದೆ. ಅಂದಿನವರಿಗೆ ಎಚ್ಚರಿಕೆ ಬೇಕಿತ್ತು. ಎಣ್ಣೆ ಬದಲಾಯಿತು, ಎಚ್ಚರಿಕೆ ಮಾತ್ರ ಉಳಿಯಿತು. ಭಟ್ಟರ ಮನೆಯ ಅಡುಗೆಮನೆಯಲ್ಲೂ ತೆಂಗಿನೆಣ್ಣೆಯ ಡಬ್ಬಕ್ಕೆ ಕಡ್ಲೆಣ್ಣೆ ಹೊಯ್ಯಲು ಬಿಡುತ್ತಿರಲಿಲ್ಲವಂತೆ. ಅದಕ್ಕೆ ಕಾರಣ ರುಚಿ. ಎಂಜಿನಿಗೆ ಆ ನಾಲಿಗೆ ಇಲ್ಲ.

ಆದರೆ ಆ ರಾತ್ರಿಯಿಂದ ಭಟ್ಟರು ಕಲಿತ ಪಾಠ ಬೇರೆಯೇ ಆಯಿತು. ಒಮ್ಮೆ ನಡೆದದ್ದು ಯಾವಾಗಲೂ ನಡೆಯುತ್ತದೆ ಎಂದು ಅವರು ತೀರ್ಮಾನಿಸಿಬಿಟ್ಟರು. ಪೆಟ್ರೋಲ್ ಬಂಕಿನ ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲು, ಪಕ್ಕದ ತೋಟದವರ ಜೀಪಿಗೆ ಹಾಕಿ ಉಳಿದದ್ದು, ಮದ್ದು ಬಿಡುವ ಪಂಪಿಗೆಂದು ತಂದ 30 ನಂಬರು, ಒಮ್ಮೆ ಬೇರೆ ಗತಿಯಿಲ್ಲದೆ ಸ್ಕೂಟರಿನ 2ಟಿಯ ಎರಡು ಪೊಟ್ಟಣ. ಎಲ್ಲವೂ ಅದೇ ಬಾಯಿಗೆ. ಮಗ ಮಾತಾಡುವ ಹಾಗಿರಲಿಲ್ಲ. ತಂಗಿಯ ಮಗು ಅಂಗಳದಲ್ಲಿ ಅಂಬೆಗಾಲಿಕ್ಕುತ್ತಿತ್ತಲ್ಲ, ಅದೇ ಭಟ್ಟರ ಕಡೆಯ ಸಾಕ್ಷಿ.

ವಿಚಿತ್ರವೆಂದರೆ ಇದೇ ಭಟ್ಟರು ಬೋರ್ಡೋ ದ್ರಾವಣ ಮಾಡುವಾಗ ಬೇರೆಯೇ ಮನುಷ್ಯ. ಕೊಳೆರೋಗದ ಮದ್ದಿಗೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಿಗಲ್ಲ. ಕಲಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಇದರಲ್ಲಿ ಕೆಲಸದಾಳು ಒಂದು ಚೊಂಬು ಹೆಚ್ಚು ಕಡಿಮೆ ಮಾಡಿದರೆ ಭಟ್ಟರ ಸ್ವರ ಮೂರು ತೋಟ ದಾಟಿ ಕೇಳುತ್ತಿತ್ತು. ಅಡಿಕೆ ಕಣ್ಣಿಗೆ ಕಾಣುತ್ತದೆ, ಬೇರಿಂಗು ಕಾಣುವುದಿಲ್ಲ. ಬಹುಶಃ ವ್ಯತ್ಯಾಸ ಅಷ್ಟೇ ಇರಬೇಕು.

1996ರ ಜನವರಿಯಲ್ಲಿ ಮನೆಮಂದಿಯೆಲ್ಲ ಹೊರನಾಡಿಗೆ ಹೊರಟರು. ಚಾರ್ಮಾಡಿ ಘಾಟಿ ಅರ್ಧ ಹತ್ತುವಾಗ ಎಂಜಿನಿನ ಹೊಟ್ಟೆಯೊಳಗಿಂದ ಟಕ್ ಟಕ್ ಎಂದು ಶಬ್ದ ಶುರುವಾಯಿತು. ಮೂರನೆಯ ತಿರುವಿಗೆ ಅದು ಕಬ್ಬಿಣದ ಅಂಗಡಿಯಾಯಿತು, ನಾಲ್ಕನೆಯದಕ್ಕೆ ಎಲ್ಲ ನಿಶ್ಶಬ್ದ. ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೀಟಿನವರೆಗೂ ಇದೆ! ಭಟ್ಟರು ಕಡ್ಡಿಯನ್ನು ಎರಡು ಸಲ ಒರಸಿ ಎರಡು ಸಲ ನೋಡಿದರು. ಅನ್ನಪೂರ್ಣೇಶ್ವರಿಯ ದರ್ಶನ ಆ ಸಲ ಆಗಲಿಲ್ಲ. ಜೀಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಅಂಬಾಸಿಡರು ಉಜಿರೆಯ ಗ್ಯಾರೇಜಿಗೆ ಇಳಿದು ಬಂತು.

ಮೇಸ್ತ್ರಿ ಚೇಂಬರು ಬಿಚ್ಚಿದಾಗ ತಳದಲ್ಲಿ ಇದ್ದದ್ದು ಎಣ್ಣೆಯಲ್ಲ, ಜೋನಿ ಬೆಲ್ಲದಂಥ ಕಪ್ಪು ರಾಡಿ. ಪಂಪು ಎಣ್ಣೆ ಹೀರುವ ಜಾಲರಿಗೆ ಅದು ಮೆತ್ತಿಕೊಂಡು ಕಿಂಡಿಗಳೆಲ್ಲ ಕಟ್ಟಿಹೋಗಿದ್ದವು. ಮೇಲೆ ಎಣ್ಣೆ ಧಾರಾಳ, ಒಳಕ್ಕೆ ಹೋಗಲು ದಾರಿಯಿಲ್ಲ. ಬಿಗ್ ಎಂಡ್ ಬೇರಿಂಗುಗಳು ಕಿತ್ತು ಬಂದು, ಕ್ರ್ಯಾಂಕಿನ ಮೈಯಲ್ಲಿ ಉಗುರು ಸಿಕ್ಕುವಷ್ಟು ಗೀರುಗಳು.

ಮಗನಿಗೆ ಒಳಗೊಳಗೆ ಸ್ವಲ್ಪ ಸಂತೋಷವೇ ಆಗಿರಬೇಕು. ‘ನಾನು ಆವತ್ತೇ ಹೇಳಿದ್ದೆ, ಬೆರೆಸಬಾರದು ಅಂತ’ ಎಂದ.

ಮೇಸ್ತ್ರಿ ತಲೆ ಎತ್ತದೆ ಕೇಳಿದ: ‘ಅದು ಬಿಡಿ. ಭಟ್ರೆ, ಕಡೆಗೆ ಆಯಿಲು ಪೂರಾ ಇಳಿಸಿದ್ದು ಯಾವಾಗ?’

ಭಟ್ಟರು ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಇಳಿಸಿಯೇ ಇರಲಿಲ್ಲ. ಅವರದೊಂದು ತರ್ಕವಿತ್ತು: ಸೋರುತ್ತದೆ, ಸೋರಿದಷ್ಟು ಹಾಕುತ್ತೇವೆ, ಆದ್ದರಿಂದ ಎಣ್ಣೆ ತನ್ನಷ್ಟಕ್ಕೇ ಹೊಸತಾಗುತ್ತ ಇರುತ್ತದೆ. ‘ತೋಡಿನ ನೀರು ಬದಲಾಯಿಸಲಿಕ್ಕೆ ಉಂಟಾ ಮಾರಾಯ? ಹರಿಯುತ್ತ ಇರುತ್ತದಲ್ಲ.’

‘ನೀರು ಹರೀತದೆ ಭಟ್ರೆ. ಕೆಸರು ಅಲ್ಲೇ ಇರ್ತದಲ್ಲ’ ಎಂದ ಮೇಸ್ತ್ರಿ. ‘ಲಾರಿಯವ ಕೊಟ್ಟದ್ದು ಒಳ್ಳೆ ಎಣ್ಣೆಯೇ. ಅದು ಒಳಗಿನ ಹಳೇ ಕೊಳೆ ಎಬ್ಬಿಸಿತು. ಆಗಲೇ ಬಂದು ಇಳಿಸಿದ್ದರೆ ಕೊಳೆಯೂ ಹೋಗ್ತಿತ್ತು. ನೀವು ಅದರ ಮೇಲೆ ಮತ್ತೊಂದು ಹಾಕಿದಿರಿ, ಅದರ ಮೇಲೆ ಇನ್ನೊಂದು.’ ಅಲ್ಲದೆ ಕಾರು ಹೋಗುತ್ತಿದ್ದದ್ದು ಹೆಚ್ಚಾಗಿ ಉಜಿರೆಯ ಪೇಟೆಗೆ, ಅಂದರೆ ಎಂಜಿನು ಸರಿಯಾಗಿ ಕಾಯುವ ಮೊದಲೇ ನಿಲ್ಲುವಷ್ಟು ದೂರ. ಮಳೆಗಾಲದ ತಂಪಿಗೆ ಒಳಗೆ ಕಟ್ಟಿದ ನೀರಿನ ಪಸೆ ಆವಿಯಾಗಿ ಹೊರಗೆ ಹೋಗಲಿಕ್ಕೂ ಕಾವು ಬೇಕಲ್ಲ. ಅದೂ ರಾಡಿಗೆ ಸೇರಿತು.

ಬೆರೆಸುವುದು ಒಂದು ಕೈಗಡ ಇದ್ದ ಹಾಗೆ. ಕಷ್ಟಕ್ಕೆ ಪಡೆದವನನ್ನು ಯಾರೂ ದೂರುವುದಿಲ್ಲ. ಭಟ್ಟರು ಪಡೆದದ್ದನ್ನೇ ಮರೆತಿದ್ದರು. ಕ್ರ್ಯಾಂಕು ಮಂಗಳೂರಿಗೆ ಹೋಗಿ ಗ್ರೈಂಡ್ ಆಗಿ ಬಂತು, ಹೊಸ ಬೇರಿಂಗು, ಹೊಸ ರಿಂಗು. ಕ್ಯಾಂಪ್ಕೊಗೆ ಹಾಕಿದ ಅಡಿಕೆಯ ದುಡ್ಡಿನಲ್ಲಿ ಒಂದು ಪಾಲು ಹಾಗೆಯೇ ಗ್ಯಾರೇಜಿಗೆ ಹೋಯಿತು.

ಆಮೇಲೆ ಭಟ್ಟರು ಎಣ್ಣೆಯ ವಿಷಯ ಬಾಯಲ್ಲಿ ಎತ್ತಲಿಲ್ಲ. ಆದರೆ ಬ್ಯಾಂಕಿನವರು ಕೊಟ್ಟ 1996ರ ಡೈರಿಯೊಂದು ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಬಂದು ಕುಳಿತಿತು. ಅದರಲ್ಲಿ ಅವರ ಮೋಡಿ ಹೊರಳಿದ ಅಕ್ಷರದಲ್ಲಿ ಹೀಗೆಲ್ಲ ಇದೆ: ‘ಅರ್ಧ ಲೀಟರು, 20-40, ಮನೆ.’ ‘ಕಾಲು ಲೀಟರು, 20-50, ಬೆಳ್ತಂಗಡಿ. 40 ಸಿಕ್ಕಲಿಲ್ಲ.’ ‘ಒಂದು ಲೀಟರು, 15-40 ಡೀಸೆಲಿನದು, ಕೊಟ್ಟಿಗೆಹಾರ. ಇಳಿಸಬೇಕು.’ ಅದರ ಕೆಳಗೆ ಎಂಟು ದಿನ ಬಿಟ್ಟು, ‘ಪೂರಾ ಇಳಿಸಿದೆ. ನಾಲ್ಕು ಲೀಟರು ಹೊಸತು.’ ಡೈರಿ ಮುಗಿದಾಗ ಇನ್ನೊಂದು, ಅದು ಮುಗಿದಾಗ ಮತ್ತೊಂದು. ಕೊನೆಯ ನಮೂದು 2012ರದ್ದು. ಅದೇ ವರ್ಷ ಭಟ್ಟರು ತೀರಿಕೊಂಡರು. ಎರಡು ವರ್ಷ ಬಿಟ್ಟು, 2014ರಲ್ಲಿ, ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರು ತಯಾರಿಸುವುದೂ ನಿಂತಿತು.

ಮಗ ಬೆಂಗಳೂರಿನ ಕೆಲಸ ಬಿಟ್ಟು ಈಗ ತೋಟಕ್ಕೆ ಬಂದಿದ್ದಾನೆ. ಆದಿತ್ಯವಾರ ಅಂಬಾಸಿಡರನ್ನು ಸ್ಟಾರ್ಟ್ ಮಾಡಿ, ಎಂಜಿನು ಚೆನ್ನಾಗಿ ಕಾಯಲೆಂದೇ ನಿಡಿಗಲ್ ಸೇತುವೆಯ ಆಚೆವರೆಗೆ ಹೋಗಿ ಬರುತ್ತಾನೆ. ಗೆರಟೆ ಇಡುವವರು ಇಲ್ಲ. ಅವನೇ ಇಡುತ್ತಾನೆ.

ಈಗಿನ ಕಾರುಗಳ ಮಟ್ಟಿಗೆ ಅವನ ಹಳೇ ಮಡಿವಂತಿಕೆಗೆ ಹೆಚ್ಚು ಬೆಲೆ ಬಂದಿದೆ ಎಂಬುದನ್ನೂ ಹೇಳಬೇಕು. ಹೊಸ ಪೆಟ್ರೋಲ್ ಎಂಜಿನುಗಳಿಗೆ 0ಡಬ್ಲ್ಯು-20ರಂಥ ನೀರಿನಷ್ಟು ತೆಳು ಎಣ್ಣೆ. ಅವುಗಳ ಸಂದುಗಳು ಅಷ್ಟು ಕಿರಿದು. ಬೈಕಿನಲ್ಲಿ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುವುದರಿಂದ ಕಾರಿನ ಜಾರು ಎಣ್ಣೆ ಹಾಕಿದರೆ ಕ್ಲಚ್ಚು ಹಿಡಿಯದೆ ಜಾರಬಹುದು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರಿದೆ. ಹಳೇ ಬಗೆಯ ಎಣ್ಣೆಯಲ್ಲಿರುವ ಕೆಲವು ಮದ್ದುಗಳು ಸುಟ್ಟು ಬೂದಿಯಾಗಿ ಆ ಫಿಲ್ಟರನ್ನು ಮೆಲ್ಲಗೆ ಕಟ್ಟಿಬಿಡುತ್ತವೆ. ಬೂದಿ ಕಡಿಮೆ ಇರುವ ಎಣ್ಣೆಯೇ ಬೇಕು ಎಂದು ಪುಸ್ತಕದಲ್ಲಿ ಬರೆದಿರುವುದು ಸುಮ್ಮನೆ ಅಲ್ಲ.

ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಅವನಿಗೆ ಫೋನು ಬಂತು. ಪುಂಜಾಲಕಟ್ಟೆಯ ರಾತ್ರಿ ಹೊಟ್ಟೆಯೊಳಗಿದ್ದ ಹುಡುಗಿ ಈಗ ಮೂವತ್ತು ದಾಟಿದ ಹೆಂಗಸು, ಬೆಂಗಳೂರಿನಿಂದ ತನ್ನ ಡೀಸೆಲ್ ಕಾರಿನಲ್ಲಿ ಒಬ್ಬಳೇ ಅಜ್ಜನ ಮನೆಗೆ ಬರುತ್ತಿದ್ದಳು. ಘಾಟಿ ಇಳಿಯುವ ಮೊದಲು, ಕೊಟ್ಟಿಗೆಹಾರದಲ್ಲಿ, ಎಣ್ಣೆಯ ದೀಪ ಹೊತ್ತಿದೆ.

‘ಮಾವ, ಇಲ್ಲಿ ಸಿಗುವುದು 15-40 ಮಾತ್ರ. ನನ್ನ ಕಾರಿಗೆ 5-30, ಅದೂ ಬೂದಿ ಕಡಿಮೆಯದ್ದೇ ಆಗಬೇಕಂತೆ. ಬೆರೆಸಿದರೆ ವಾರಂಟಿ ಹೋಗ್ತದಾ? ಎಂಜಿನ್ ಹೋಗ್ತದಾ?’

‘ದೀಪ ಕೆಂಪೋ ಹಳದಿಯೋ?’

‘ಹಳದಿ.’

‘ಹಾಗಾದರೆ ಎಣ್ಣೆ ಕಡಿಮೆಯಾಗಿದೆ ಅಷ್ಟೇ. ಕೆಂಪಾಗಿದ್ದರೆ ಒಂದು ಅಡಿಯೂ ಓಡಿಸಬೇಡ ಅಂತಿದ್ದೆ. ಈಗ ಸಮತಟ್ಟು ಜಾಗದಲ್ಲಿ ನಿಲ್ಲಿಸು, ಆಫ್ ಮಾಡಿ ಒಂದು ನೀರುದೋಸೆ ತಿಂದು ಬಾ. ಎಣ್ಣೆ ಕೆಳಗೆ ಇಳಿಯಲಿ. ಆಮೇಲೆ ಕಡ್ಡಿ ನೋಡು.’

ಅರ್ಧ ಗಂಟೆ ಬಿಟ್ಟು ಮತ್ತೆ ಫೋನು. ಕೆಳಗಿನ ಗೀಟಿಗಿಂತಲೂ ಒಂದು ನೂಲು ಕೆಳಗಿತ್ತು. ಅವನು ಒಂದು ಗಳಿಗೆ ಸುಮ್ಮನಿದ್ದ. ‘ಅರ್ಧ ಲೀಟರು ಹಾಕು. ಜಾಸ್ತಿ ಬೇಡ. ಫಿಲ್ಟರು ಕಟ್ಟಲಿಕ್ಕೆ ತಿಂಗಳುಗಟ್ಟಲೆ ಬೇಕು, ಎಂಜಿನು ಹಿಡಿಯಲಿಕ್ಕೆ ಒಂದು ಘಾಟಿ ಸಾಕು. ಡಬ್ಬ ಬಿಸಾಡಬೇಡ, ತಾ.’

ಸಂಜೆ ಅವಳು ಬಂದಾಗ ಅವನು ಅಂಬಾಸಿಡರಿನ ಗೂಡಿನಿಂದ ಕೊನೆಯ ಡೈರಿ ತಂದು ಜಗಲಿಯ ಮೇಲೆ ಇಟ್ಟಿದ್ದ. ಕಾಫಿ ಕುಡಿಯುತ್ತ ಅವಳು ಪುಟ ಮಗುಚಿದಳು. ಅಜ್ಜನ ಕೊಟ್ಟಿಗೆಹಾರದ ನಮೂದುಗಳು ನಾಲ್ಕೈದು ಕಡೆ ಸಿಕ್ಕವು, ಎರಡು ಕಡೆ ಅದೇ 15-40. ಖಾಲಿ ಪುಟ ಬಂದಾಗ ಪೆನ್ನು ಕೇಳಿ ತೆಗೆದುಕೊಂಡು ತಾರೀಖು ಹಾಕಿ ಬರೆದಳು: ‘ಅರ್ಧ ಲೀಟರು, 15-40, ಕೊಟ್ಟಿಗೆಹಾರ. ಇಳಿಸಬೇಕು.’

ಸೋಮವಾರ ಬೆಳಗ್ಗೆ ಇಬ್ಬರೂ ಉಜಿರೆಗೆ ಹೋಗಿ ಇಳಿಸಿಕೊಂಡು ಬಂದರು.